ಎರಡು ನಂಬರು ಹೊತ್ತು ಓಡಿದ ತಾಯವ್ವ

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಹಾಳೆ ವಿಂಗಡಿಸುವ ಹೆಂಗಸರಲ್ಲಿ ತಾಯವ್ವ ಒಬ್ಬಳು. ಕಲೆ ಬಿದ್ದದ್ದು, ಮೂಲೆ ಮಡಚಿದ್ದು, ಅಂಚು ಹರಿದದ್ದು ಕೈಗೆ ಸಿಕ್ಕರೆ ಪಕ್ಕಕ್ಕೆ ಸರಿಸುವುದು ಅವಳ ಕೆಲಸ. ವಯಸ್ಸು ನಲವತ್ತೊಂದು. ತವರು ಹಳಿಯಾಳ ತಾಲೂಕಿನ ಒಂದು ಹಳ್ಳಿ. ಏಳನೇ ಇಯತ್ತೆಯಲ್ಲಿ ತಾಲೂಕು ಕ್ರೀಡಾಕೂಟದ ಓಟದಲ್ಲಿ ಮೊದಲು ಬಂದವಳು ಆಮೇಲೆ ಇಪ್ಪತ್ತು ವರ್ಷ ಓಡಿರಲಿಲ್ಲ. ಕಾರ್ಖಾನೆಯ ಸುರಕ್ಷತಾ ಸಪ್ತಾಹದಲ್ಲಿ ಹೆಂಗಸರಿಗೊಂದು ಓಟ ಇಟ್ಟಿದ್ದರು. ತಾಯವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಓಡಿ, ಉಳಿದವರು ಎರಡನೇ ಸುತ್ತಿನಲ್ಲಿರುವಾಗಲೇ ಮೂರನೆಯದನ್ನೂ ಮುಗಿಸಿ ನಿಂತಿದ್ದಳು. ಬಹುಮಾನಕ್ಕೆ ಸ್ಟೀಲಿನ ಡಬ್ಬಿ ಕೊಟ್ಟರು. ಮರುದಿನ ಬೆಳಿಗ್ಗೆ ಗಂಡನಿಗೆ, "ಏನ್ರಿ, ನಾ ನಾಳಿಂದ ಓಡ್ತೇನಿ," ಅಂದಳು.

ಗಂಡ ಮಲ್ಲೇಶ ಅದೇ ಕಾರ್ಖಾನೆಯ ಬಾಯ್ಲರ್ ವಿಭಾಗದವನು. ಮಾತು ಕಡಿಮೆ. ಅವನು ಕೇಳಿದ್ದು ಒಂದೇ: "ಕುಳಗಿ ರಸ್ತಾದಾಗ ಕರಡಿ ಬರ್ತಾವ. ಒಬ್ಬಾಕಿನ ಹೆಂಗ ಓಡ್ತಿ?" ಅದಕ್ಕೆ ಉತ್ತರವನ್ನೂ ಅವನೇ ಹುಡುಕಿದ. ಎಂಟು ವರ್ಷ, ಪಾಳಿ ಇಲ್ಲದ ದಿನಗಳೆಲ್ಲ, ತನ್ನ ಹಳೇ ಲೂನಾ ಹತ್ತಿ ಹಿಂದೆ ಹಿಂದೆ ಬಂದ. ಲೂನಾದ ದೀಪದ ಬೆಳಕಿನಲ್ಲಿ ಅವಳು ಓಡುತ್ತಿದ್ದಳು. ಕಾಡುಕೋಣ ರಸ್ತೆಗೆ ಅಡ್ಡ ನಿಂತರೆ ಇಬ್ಬರೂ ನಿಂತು, ಅದು ಹೋದ ಮೇಲೆ ಮುಂದೆ ಹೋಗುತ್ತಿದ್ದರು.

ಆ ರಸ್ತೆಯಲ್ಲೇ ಅವಳು ರಾಜಶ್ರೀಯವರ ಕಣ್ಣಿಗೆ ಬಿದ್ದದ್ದು. ರಾಜಶ್ರೀ ಅಂದರೆ ಜೊಯಿಡಾ ಕಡೆ ಕಾಳಿ ನದಿಯ ದಂಡೆಗೆ ಒಂದು ರೆಸಾರ್ಟ್ ಇಟ್ಟುಕೊಂಡವರು. ದಾಂಡೇಲಿಯ ಡಾಕ್ಟರು, ವಕೀಲರು, ಅಂಗಡಿಕಾರರನ್ನು ಸೇರಿಸಿ ಓಟದ ಬಳಗ ಕಟ್ಟಿದ್ದರು. ಕಾರು ನಿಲ್ಲಿಸಿ, ಕಿಟಕಿ ಇಳಿಸಿ, "ನೀನು ದಿನಾ ಎಷ್ಟು ಓಡ್ತಿ?" ಅಂತ ಕೇಳಿದರು. ಮುಂದಿನ ವಾರವೇ ತಾಯವ್ವನಿಗೆ ಬಳಗದ ಟೀಶರ್ಟು ಬಂತು, ಜತೆಗೆ ಒಂದು ಜೋಡಿ ಒಳ್ಳೆ ಬೂಟು. ಇದು ಉಪಕಾರವೆಂದೇ ತಾಯವ್ವ ತಿಳಿದಳು. ಮಗಳು ಸ್ವಪ್ನಾ ಕಾಲೇಜಿನಿಂದ ಬಂದು ಬೂಟು ತಿರುಗಿಸಿ ನೋಡಿ, "ಯವ್ವಾ, ಇವು ಭಾಳ ತುಟ್ಟಿ ಅದಾವು," ಅಂದಾಗಂತೂ ತಾಯವ್ವ ಅವನ್ನು ದೇವರ ಗೂಡಿನ ಕೆಳಗೆ ಇಡಲು ಶುರುಮಾಡಿದಳು.

ಎರಡು ವರ್ಷದ ಕೆಳಗಿನ ಜನವರಿಯಲ್ಲಿ ಬಳಗದ ಹತ್ತು ಮಂದಿ ಒಂದೇ ಗಾಡಿಯಲ್ಲಿ ಮುಂಬೈಗೆ ಹೊರಟರು, ಅಲ್ಲಿಯ ದೊಡ್ಡ ಮ್ಯಾರಥಾನಿಗೆ. ತಾಯವ್ವನ ಹೆಸರು ತುಂಬಿಸಿದ್ದು ರಾಜಶ್ರೀಯೇ. ಪೂರ್ತಿ ನಲವತ್ತೆರಡು ಕಿಲೋಮೀಟರ್ ಓಡುವವರು ಇಬ್ಬರೇ, ತಾಯವ್ವ ಮತ್ತು ರಾಜಶ್ರೀ. ಉಳಿದವರು ಸಣ್ಣ ಓಟಕ್ಕೆ ಬಂದವರು.

ಓಟದ ದಿನ ನಸುಕಿನಲ್ಲಿ, ಲಾಡ್ಜಿನ ಕೋಣೆಯಲ್ಲಿ ತಾಯವ್ವ ಬೂಟಿನ ದಾರ ಕಟ್ಟುತ್ತಿದ್ದಾಗ ರಾಜಶ್ರೀ ಬಂದು ಮಂಚದ ಮೇಲೆ ಕೂತರು. ಮೊಣಕಾಲಿಗೆ ಪಟ್ಟಿ ಸುತ್ತಿತ್ತು.

"ತಾಯವ್ವಾ, ನನ್ನ ಕಾಲು ಕೈ ಕೊಡ್ತು. ಓಡೂದು ಆಗಂಗಿಲ್ಲ."

"ಅಯ್ಯ, ಹೆಂಗ್ರಿ ಮೇಡಂ! ಅಷ್ಟು ದೂರದಿಂದ ಬಂದೀರಿ."

"ಏನ್ ಮಾಡೂದು. ಒಂದು ಕೆಲಸ ಮಾಡು. ನನ್ನ ನಂಬರ್ ಚೀಟಿ ನಿನ್ನ ಸೊಂಟದ ಚೀಲದಾಗ ಇಟ್ಕೋ. ನನ್ನ ಹರಕಿ ನಿನ್ನ ಜೋಡಿ ಓಡಲಿ."

ಹರಕೆ ಅಂದ ಮೇಲೆ ತಾಯವ್ವ ಮರುಪ್ರಶ್ನೆ ಕೇಳಲಿಲ್ಲ. ಅವಳ ಊರ ಕಡೆ ದೇವಿಯ ಗುಡ್ಡಕ್ಕೆ ಹೋಗುವವರ ಕೈಯಲ್ಲಿ ಹೋಗಲಾಗದವರು ಕಾಯಿ, ಭಂಡಾರ ಕೊಟ್ಟು ಕಳಿಸುವುದು ಇದ್ದದ್ದೇ. ಚೀಟಿಯನ್ನು ಎರಡು ಮಡಿಕೆ ಮಾಡಿ ಚೀಲದಲ್ಲಿ ಇಟ್ಟುಕೊಂಡಳು.

ಓಟ ಶುರುವಾಗುವ ಜಾಗದಲ್ಲೇ ಅವಳು ಮೂಗಿಗೆ ಕೈ ಅಡ್ಡ ಹಿಡಿದಳು. ಸಾವಿರಾರು ಮಂದಿಯ ಮೈಗೆ ಬಳಿದ ನೋವಿನ ಎಣ್ಣೆ, ಮುಲಾಮಿನ ಘಾಟು. ಇಟ್ಟಿದ್ದ ಶೌಚಾಲಯ ಬಿಟ್ಟು, ಕೈಗೆ ದುಬಾರಿ ಗಡಿಯಾರ ಕಟ್ಟಿದ ಗಂಡಸರು ಗೋಡೆಯ ಉದ್ದಕ್ಕೂ ಸಾಲಾಗಿ ನಿಂತು ಮೂತ್ರ ಮಾಡುತ್ತಿದ್ದರು. ಅದರ ಹರಿವು ರಸ್ತೆಗೆ ಬಂದಿತ್ತು. ದೇವರ ಗೂಡಿನ ಕೆಳಗೆ ಇಟ್ಟು ಜೋಪಾನ ಮಾಡಿದ ಬೂಟನ್ನು ಅದರೊಳಗೆ ಊರದೆ ಮುಂದೆ ಹೋಗುವ ದಾರಿ ಇರಲಿಲ್ಲ.

ಓಟ ಶುರುವಾದ ಮೇಲೂ ಅದೇ. ನೀರು ಕೊಡುವ ಮೇಜು ದಾಟಿದರೆ ಸಾಕು, ಕಾಲಡಿ ಬಾಟಲಿಗಳು ಚಟಚಟ ಒಡೆಯುತ್ತಿದ್ದವು. ಒಂದು ಗುಟುಕು ಕುಡಿದು ಉಳಿದದ್ದನ್ನು ಹಂಗೇ ಎಸೆಯುತ್ತಿದ್ದರು. ಬಾಳೆಹಣ್ಣಿನ ಸಿಪ್ಪೆ, ಓಡುವವರು ಹೀರಿ ಎಸೆದ, ನೆಲಕ್ಕೆ ಬೂಟು ಹಿಡಿದುಕೊಳ್ಳುವಂಥ ಸಿಹಿ ಅಂಟಿನ ಪೊಟ್ಟಣ. ಮುಂದಿನವನು ತಿರುಗಿ ನೋಡದೆ ಉಗುಳಿದ್ದು ಗಾಳಿಗೆ ಹಾರಿ ಇವಳ ಮೊಣಕೈಗೆ ಬಿತ್ತು. ಬದಿಯಲ್ಲಿ ನೀಲಿ ಅಂಗಿಯ ಹೆಂಗಸರು ಬಾಗಿ ಬಾಗಿ ಬಾಟಲಿ ಆರಿಸುತ್ತಿದ್ದರು. ಅವರ ಕೈಯ ಮೇಲೇ ಇನ್ನೊಂದು ಬಾಟಲಿ ಬಂದು ಬಿತ್ತು. ಎಸೆದವಳು ಮೊಬೈಲ್ ಮೇಲೆತ್ತಿ ನಗುತ್ತ ತನ್ನದೇ ಫೋಟೋ ತೆಗೆದುಕೊಳ್ಳುತ್ತಿದ್ದಳು.

ಆದರೂ ಕಾಲು ಓಡಿದವು. ಸಮುದ್ರದ ಮೇಲಿನ ಸೇತುವೆಯಲ್ಲಿ ಬೆಳಕು ಹರಿಯುವಾಗ ಅವಳ ಉಸಿರು ಕುಳಗಿ ರಸ್ತೆಯಲ್ಲಿ ಹೇಗಿರುತ್ತಿತ್ತೋ ಹಾಗೇ ಇತ್ತು. ಮೂವತ್ತನೇ ಕಿಲೋಮೀಟರಿನ ಹತ್ತಿರ ಸಿಪ್ಪೆಯ ಮೇಲೆ ಕಾಲಿಟ್ಟು ಜಾರಿದಾಗ "ಯವ್ವಾ!" ಅಂದುಬಿಟ್ಟಳು. ಪಕ್ಕದಲ್ಲಿ ಓಡುತ್ತಿದ್ದ ಬಿಳಿಗೂದಲಿನ ಹೆಂಗಸು ತೋಳು ಹಿಡಿದರು.

"ಕನ್ನಡದಾಕಿ? ಯಾವೂರವ್ವಾ?"

"ದಾಂಡೇಲಿರಿ."

"ನಾ ಬೆಳಗಾವಿ. ಶಾಂತಾದೇವಿ ಅಂತ. ಸಾಲಿ ಟೀಚರ್ ಇದ್ದೆ, ಈಗ ರಿಟೈರ್." ಹೀಗೆ ಮಾತಾಡುತ್ತ ಇಬ್ಬರೂ ಒಂದೇ ಹೆಜ್ಜೆಯಲ್ಲಿ ಓಡಿದರು. ಜಾರಿದಾಗ ತಾಯವ್ವನ ಸೊಂಟದ ಚೀಲ ಬಾಯಿ ತೆರೆದಿತ್ತು. ಚೀಟಿಯ ಮೂಲೆ ಹೊರಗೆ ಇಣುಕಿತ್ತು.

"ಅದೇನು, ಇನ್ನೊಂದು ನಂಬರ?"

"ನಮ್ಮ ಮೇಡಂ ಅವರದ್ರಿ. ಕಾಲು ನೋವು, ಓಡಲಿಲ್ಲ. ಅವರ ಹರಕಿ ನನ್ನ ಜೋಡಿ ಓಡಲಿ ಅಂದ್ರು."

ಶಾಂತಾದೇವಿ ಮೊದಲು ನಕ್ಕರು. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದರು. "ಹರಕಿ ಅಲ್ಲವ್ವಾ ತಂಗಿ. ಚೀಟಿ ಹಿಂದ ಸಣ್ಣ ಪಟ್ಟಿ ಅಂಟಿಸಿರ್ತಾರ. ನೆಲದ ಮ್ಯಾಲೆ ಹಾಸಿದ ಮ್ಯಾಟ್ ದಾಟಿದಾಗೊಮ್ಮೆ ಅದು ಹೆಸರು, ಟೈಮು ಬರಕೋತೈತಿ. ಓಡಾಕಿ ನೀನು. ಅಲ್ಲಿ ಕಂಪ್ಯೂಟರಿನಾಗ ಅವರೂ ಓಡಾಕತ್ತಾರ."

"ಅಂದ್ರ?"

"ಅಂದ್ರ ಕಳವು. ನಿನ್ನ ಕಾಲಿಲೆ ಮಾಡಸ್ಯಾರ."

ಮುಂದೆ ಸ್ವಲ್ಪ ದೂರದಲ್ಲಿ ಮ್ಯಾಟ್ ಬಂತು. ಶಾಂತಾದೇವಿ ಹಿಂದೆ ಉಳಿದಿದ್ದರು, ಆ ಗಳಿಗೆಗೆ ಸುತ್ತ ಬೇರೆ ಯಾರೂ ಇರಲಿಲ್ಲ. ತಾಯವ್ವ ಕಾಲಿಟ್ಟಾಗ ಪಕ್ಕದ ಪೆಟ್ಟಿಗೆ ಎರಡು ಸಲ ಕೂಗಿತು.

ಆ ಎರಡನೇ ಕೂಗು ಕೇಳಿದ ಮೇಲೆ ಅವಳ ಓಟ ಓಟವಾಗಿ ಉಳಿಯಲಿಲ್ಲ. ಸೊಂಟದಲ್ಲಿ ಸತ್ತ ಇಲಿ ಕಟ್ಟಿಕೊಂಡಂತೆ ಆಗಿತ್ತು. ಕೈ ಮೂರು ಸಲ ಚೀಲಕ್ಕೆ ಹೋಯಿತು. ಕಸದ ಡಬ್ಬಿಗಳು ದಾರಿಯುದ್ದಕ್ಕೂ ಇದ್ದವು. ಪ್ರತಿ ಸಲವೂ ರಾಜಶ್ರೀ ಕಾರಿನ ಕಿಟಕಿ ಇಳಿಸಿ ನಕ್ಕದ್ದು, ಬೂಟು ಕೊಟ್ಟದ್ದು ನೆನಪಾಗಿ ಕೈ ಹಿಂದೆ ಬಂತು. 'ಹೋಗಿ ಏನಂತ ಹೇಳ್ಲಿ?' ಅನ್ನುವುದೊಂದೇ ತಲೆಯಲ್ಲಿ. ಮೂವತ್ತೆರಡನೇ ಕಿಲೋಮೀಟರಿನಲ್ಲಿ ಬಲಗಾಲ ಹೆಬ್ಬೆರಳಿನ ಉಗುರು ಕಿತ್ತು ಕಾಲುಚೀಲ ಒದ್ದೆಯಾಯಿತು. ಏರು ರಸ್ತೆಯಲ್ಲಿ ರಸ್ತೆ ಬದಿಗೆ ಬಾಗಿ ವಾಂತಿ ಮಾಡಿಕೊಂಡಳು. ಸೆರಗಿಲ್ಲದ್ದಕ್ಕೆ ಟೀಶರ್ಟಿನ ತೋಳಿನಲ್ಲೇ ಬಾಯಿ ಒರಸಿಕೊಂಡು ಮುಂದೆ ಹೋದಳು. ಮೂರು ತಾಸು ಐವತ್ತೆರಡು ನಿಮಿಷಕ್ಕೆ ಮುಗಿಸಿದಳು. ಎರಡು ಹೆಸರಲ್ಲಿ.

ಹೊರಗೆ ಬಂದಾಗ ರಾಜಶ್ರೀ ಕಾದಿದ್ದರು. ಮೊಣಕಾಲ ಪಟ್ಟಿ ಇರಲಿಲ್ಲ. ಚೀಟಿ ಇಸಿದುಕೊಂಡು ಎದೆಗೆ ಪಿನ್ನು ಚುಚ್ಚಿಕೊಂಡರು, ಬಾಟಲಿ ನೀರು ತಲೆ ಮೇಲೆ ಸುರಿದುಕೊಂಡರು, ಕೂದಲು ಕೆದರಿಕೊಂಡು ಪದಕದ ಸಾಲಿನಲ್ಲಿ ನುಸುಳಿದರು. ತಾಯವ್ವ ಫುಟ್‌ಪಾತಿನ ಮೇಲೆ ಕೂತು ನೋಡುತ್ತಿದ್ದಳು. ವಾಪಸು ಬರುವಾಗ ಗಾಡಿಯಲ್ಲಿ ರಾಜಶ್ರೀ ಪಕ್ಕದಲ್ಲೇ ಕೂತು, "ಎಲ್ಲಿ ಭಾಳ ಸುಸ್ತಾತು? ಆವಾಗ ಮನಸ್ಸಿಗೆ ಏನನಿಸ್ತು? ಪೂರಾ ಹೇಳು," ಅಂತ ಅಕ್ಕರೆಯಿಂದ ಕೇಳಿದರು. ಕೇಳುವವರಾದರೂ ಇದ್ದಾರಲ್ಲ ಅಂತ ತಾಯವ್ವ ಉಗುರಿನ ಮಾತು, ವಾಂತಿಯ ಮಾತು, ಒಂದು ಕಡೆ ತೀರಿಹೋದ ತನ್ನ ಅವ್ವನ ದನಿ ಕೇಳಿದಂತಾಗಿ ಕಣ್ಣಲ್ಲಿ ನೀರು ಬಂದ ಮಾತು, ಎಲ್ಲ ಹೇಳಿದಳು.

ಎಂಟು ದಿನಕ್ಕೆ ದಾಂಡೇಲಿಯ ಒಂದು ಸಭಾಭವನದಲ್ಲಿ ಬಳಗದವರು ಸತ್ಕಾರ ಇಟ್ಟರು. ತಾಯವ್ವ, ಮಲ್ಲೇಶ, ಸ್ವಪ್ನಾ ಮೂರನೇ ಸಾಲಿನಲ್ಲಿದ್ದರು. ರಾಜಶ್ರೀ ಪದಕ ಹಾಕಿಕೊಂಡು ಮೈಕಿನ ಮುಂದೆ ನಿಂತರು.

"ಮೂವತ್ತೆರಡನೇ ಕಿಲೋಮೀಟರಿನಲ್ಲಿ ನನ್ನ ಹೆಬ್ಬೆರಳಿನ ಉಗುರು ಕಿತ್ತು ಬಂತು. ಏರಿನಲ್ಲಿ ವಾಂತಿಯಾಯಿತು. ನಿಂತುಬಿಡೋಣ ಅನಿಸಿತು. ಆಗ ತೀರಿಹೋದ ನನ್ನ ತಾಯಿಯ ದನಿ ಕೇಳಿಸಿತು..." ಅವರು ಪದಕವನ್ನು ಎದೆಗೆ ಒತ್ತಿಕೊಂಡರು. ಸಭೆಯಲ್ಲಿ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಮುಂದಿನ ತಿಂಗಳಿಂದ ತಮ್ಮ ರೆಸಾರ್ಟಿನಲ್ಲಿ ಓಟದ ಶಿಬಿರ ಶುರುಮಾಡುವುದಾಗಿಯೂ ಅವರು ಸಾರಿದರು.

ತಾಯವ್ವ ತನ್ನ ಕಾಲ ಕಡೆ ನೋಡಿಕೊಂಡಳು. ಚಪ್ಪಲಿಯಲ್ಲಿ ಹೆಬ್ಬೆರಳಿಗೆ ಇನ್ನೂ ಬಟ್ಟೆ ಸುತ್ತಿತ್ತು. "ನನ್ನ ಟೈಮು ತಗೊಂಡಿದ್ದು ಹೆಂಗರ ತಡಕೋತಿದ್ದೆ," ಅಂತ ಆಮೇಲೆ ನನ್ನ ಹತ್ತಿರ ಹೇಳಿದಳು. ನಾವು ಅವರ ಓಣಿಯವರೇ. "ನಮ್ಮವ್ವನ್ನ ತಗೊಂಡ್ಲು ನೋಡ್ರಿ. ನಾ ಉಗುಳಿದ್ದನ್ನ ಬಾಯಾಗ ಹಾಕ್ಕೊಂಡು ಮಂದಿ ಮುಂದ ಚಪ್ಪರಿಸಿದಂಗ ಆತು. ಅಷ್ಟು ಹೇಸಿಗಿ ನಾ ಹುಟ್ಟಾ ನೋಡಿರಲಿಲ್ಲ."

ಶಾಲು ಹೊದಿಸಲು ಅವಳ ಹೆಸರು ಕರೆದಾಗ ಅವಳು ಅಲ್ಲಿರಲಿಲ್ಲ. ಹೊರಗೆ ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸುತ್ತಿದ್ದಳು.

ಮರುದಿನ ಕೆಲಸಕ್ಕೆ ರಜೆ ಹಾಕಿ, ಜೊಯಿಡಾ ಬಸ್ಸು ಹಿಡಿದು, ರೆಸಾರ್ಟಿಗೆ ಹೋದಳು. ಬೂಟು ಕೈಚೀಲದಲ್ಲಿತ್ತು. ಅದನ್ನು ರಾಜಶ್ರೀಯವರ ಮೇಜಿನ ಮೇಲಿಟ್ಟಳು.

"ಮೇಡಂ, ಮುಂಬೈ ಓಟದವರಿಗೆ ನಾ ಬರೀತೇನಿ. ನಡೆದದ್ದು ನಡೆದಂಗ. ನಿಮಗ ಹೇಳದ ಬರದ್ರ ಅದೂ ಕಳವ ಆಗತೈತಿ, ಅದಕ್ಕ ಬಂದೇನಿ."

ರಾಜಶ್ರೀ ಎದ್ದು ಬಾಗಿಲು ಹಾಕಿದರು. "ಏನಾತು ನಿನಗ? ನಿಂದೇನು ಕಳಕೊಂಡಿ? ನಿನ್ನ ಪದಕ ನಿನಗ ಐತಿ, ನಿನ್ನ ಹೆಸರು ಐತಿ."

"ನಮ್ಮವ್ವ ನಿಮ್ಮ ಬಾಯಾಗ ಯಾಕ ಬಂದ್ಲು?"

ರಾಜಶ್ರೀ ಬೂಟನ್ನು ಮೇಜಿನ ಅಂಚಿಗೆ ಸರಿಸಿದರು. "ಬರಿ. ಆದ್ರ ತಿಳ್ಕೋ, ಚೀಟಿ ಹೊತ್ತಾಕಿ ನೀನು. ನಂದಷ್ಟ ಅಲ್ಲ, ನಿಂದೂ ಅಳಿಸ್ತಾರ."

"ಅಳಿಸ್ಲಿ. ಮೂವತ್ತು ಕಿಲೋಮೀಟರ್‌ತನ ನನಗ ಗೊತ್ತಿರಲಿಲ್ಲ. ಆಮ್ಯಾಲಿನ ಹನ್ನೆರಡು ಗೊತ್ತಿದ್ದು ಓಡೇನಿ. ಆ ಹನ್ನೆರಡರ ಹೇಸಿಗಿ ನಂದ."

ಮನೆಗೆ ಬಂದು ಅವಳು ಹೇಳಿದ್ದನ್ನು ಸ್ವಪ್ನಾ ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. "ಯವ್ವಾ, 'ನನಗ ಮೋಸ ಮಾಡಿದ್ರು' ಅಂತ ಅಷ್ಟ ಬರೀಲೇನು? ನಿನ್ನ ಟೈಮು ಉಳೀತೈತಿ," ಅಂದಳು. ತಾಯವ್ವ ಬೇಡ ಅಂದಳು. ಮಲ್ಲೇಶ ಬಾಗಿಲಲ್ಲಿ ಕೂತು ಕೇಳುತ್ತಿದ್ದವನು, "ಆಕಿ ಹೇಳಿದಂಗ ಬರಿ," ಅಂದ.

ಹದಿನೈದು ದಿನಕ್ಕೆ ಉತ್ತರ ಬಂತು. ಇಬ್ಬರ ಹೆಸರೂ ಪಟ್ಟಿಯಿಂದ ತೆಗೆದಿದ್ದರು. ಇಬ್ಬರೂ ಎರಡು ವರ್ಷ ಆ ಓಟಕ್ಕೆ ಬರುವಂತಿಲ್ಲ.

ಊರಲ್ಲಿ ಮಾತು ಹಬ್ಬಿತು, ಆದರೆ ತಾಯವ್ವ ಅಂದುಕೊಂಡ ದಿಕ್ಕಿಗಲ್ಲ. ಹಾಳೆ ವಿಂಗಡಿಸುವ ಮೇಜಿನಲ್ಲಿ ಎದುರಿಗೆ ಕೂಡುವ ಮಹಾದೇವಕ್ಕ ಮುಖಕ್ಕೇ ಅಂದಳು: "ಉಂಡ ಮನಿ ಜಂತಿ ಎಣಿಸಿದಿ ನೋಡು. ಬೂಟು ಕೊಟ್ಟಾಕಿ, ಮುಂಬೈ ತೋರಿಸಿದಾಕಿ." ಓಟದ ಬಳಗದವರು ಅವಳನ್ನು ಗುಂಪಿನಿಂದ ತೆಗೆದರು. ಕೂಲಿ ಹೆಂಗಸಿಗೆ ಹೊಟ್ಟೆಕಿಚ್ಚು ಅಂದರು. ಸುಮಾರು ಒಂದು ತಿಂಗಳು ತಾಯವ್ವ ಓಡಲಿಲ್ಲ. ಬೆಳಿಗ್ಗೆ ಎಚ್ಚರಾಗುತ್ತಿತ್ತು, ಆದರೆ ಮುಲಾಮಿನ ಘಾಟು ಮೂಗಿಗೆ ಬಂದಂತಾಗಿ ಮಗ್ಗಲು ಬದಲಿಸಿ ಮಲಗುತ್ತಿದ್ದಳು. ಆಮೇಲೊಂದು ದಿನ ತಾನಾಗಿಯೇ ಎದ್ದು ಹೋದಳು, ಬರಿಗಾಲಲ್ಲಿ.

ಮಳೆಗಾಲ ಮುಗಿದ ಮೇಲೆ ಲಕ್ಷ್ಮಿ ಅನ್ನುವವಳು ಮನೆಗೆ ಬಂದಳು. ಮುಂಡಗೋಡದ ಕಡೆಯವಳು, ಅತ್ತಿವೇರಿಯ ಹತ್ತಿರ ಶಾಲೆಯಲ್ಲಿ ಟೀಚರು. ರಾಜಶ್ರೀಯವರ ಶಿಬಿರಕ್ಕೆ ಹಣ ಕಟ್ಟಿ ಸೇರಿದ್ದಳು. ಅಲ್ಲಿ ಗೋಡೆಯ ಮೇಲೆ ಪದಕದ ಫೋಟೋ ಇನ್ನೂ ಇದೆ, ಕೆಳಗೆ ಮೂರು ತಾಸು ಐವತ್ತೆರಡು ನಿಮಿಷ ಅಂತ ಬರೆದಿದೆ, ಅಂದಳು. ಯಾರೋ ಬೇರೆ ಮಾತು ಹೇಳಿದ್ದಕ್ಕೆ ಖರೇ ಯಾವುದು ಕೇಳೋಣ ಅಂತ ಬಂದಿದ್ದಳು.

ತಾಯವ್ವ ಚಹಾ ಕೊಟ್ಟು ಮೊದಲಿಂದ ಕೊನೆಯತನಕ ಹೇಳಿದಳು. ತನ್ನ ತಪ್ಪನ್ನೂ ಬಿಡಲಿಲ್ಲ. ಲಕ್ಷ್ಮಿ ಪೂರ್ತಿ ಕೇಳಿ ಕಪ್ಪು ಕೆಳಗಿಟ್ಟಳು.

"ಹೌದನ್ರಿ? ಆದ್ರೂ ಬಿಡ್ರಿ ಅಕ್ಕಾರ, ಇದೆಲ್ಲಾ ಎಲ್ಲಾರೂ ಮಾಡ್ತಾರಂತ. ಮೇಡಂ ಕಲಸೂದು ಚೊಲೋ ಕಲಸ್ತಾರ."

ತಾಯವ್ವ ಲಕ್ಷ್ಮಿಯನ್ನು ಬಾಗಿಲತನಕ ಕಳಿಸಿ ಬಂದು, ಅವಳು ಕುಡಿದ ಕಪ್ಪನ್ನು ಬಚ್ಚಲಿಗೆ ಒಯ್ದು ಬೂದಿ ಹಾಕಿ ತಿಕ್ಕಿದಳು, ತೊಳೆದಳು, ಮತ್ತೊಮ್ಮೆ ತಿಕ್ಕಿದಳು. ಸ್ವಪ್ನಾ ಬಂದು, "ಸಾಕ ಬಿಡ ಯವ್ವಾ," ಅನ್ನುವತನಕ ತಿಕ್ಕುತ್ತಲೇ ಇದ್ದಳು.