ತಾನಾಗಿ ಸತ್ತ ಕಪ್ಪೆ

1954ನೇ ಇಸವಿ ಜೂನ್ ತಿಂಗಳು. ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರ ಜೀವಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ನನಗೆ ಆಗಷ್ಟೇ ಮೂರು ವರ್ಷ ತುಂಬಿತ್ತು. ಡೆಮಾನ್‌ಸ್ಟ್ರೇಟರ್ ಎಂದರೆ ಪಾಠ ಹೇಳುವ ಲೆಕ್ಚರರ್ ಅಲ್ಲ; ಪ್ರಯೋಗಶಾಲೆಯಲ್ಲಿ ಹುಡುಗಿಯರ ಪಕ್ಕ ನಿಂತು ಕೈಕೆಲಸ ಕಲಿಸುವವಳು. ಹುದ್ದೆ ತಾತ್ಕಾಲಿಕ. ಮುಂದಿನ ವರ್ಷದ ಆರ್ಡರು ಕೈಗೆ ಬರುವ ತನಕ ಪ್ರತಿ ಬೇಸಿಗೆಯೂ ಭಯದಲ್ಲೇ ಕಳೆಯುತ್ತಿತ್ತು.

ನಮ್ಮ ಮನೆ ಲಕ್ಷ್ಮೀಪುರಂನಲ್ಲಿ. ಅಮ್ಮ ಮಡಿಯವರು. ಮಗಳು ಕಪ್ಪೆ ಕೊಯ್ದು ಸಂಬಳ ತರುತ್ತಾಳೆ ಎಂಬುದು ಅವರಿಗೆ ಗೊತ್ತಿತ್ತು, ಆದರೆ ಬಾಯಿಬಿಟ್ಟು ಆಡುತ್ತಿರಲಿಲ್ಲ. ಪ್ರಾಕ್ಟಿಕಲ್ ಇದ್ದ ದಿನ ನಾನು ಹಿತ್ತಲ ಬಾಗಿಲಿನಿಂದ ಬರಬೇಕು, ಬಚ್ಚಲಲ್ಲಿ ಸೀರೆ ನೆನೆಹಾಕಿ ತಲೆಗೆ ನೀರು ಹಾಕಿಕೊಳ್ಳಬೇಕು, ಆಮೇಲೆ ಕಾಫಿ. ಕಪ್ಪೆ ಸತ್ತಿತಲ್ಲ ಎಂದು ಅಮ್ಮನಿಗೆ ಚಿಂತೆಯಿರಲಿಲ್ಲ; ಅದನ್ನು ನಾನು ಮುಟ್ಟಿದೆನಲ್ಲ ಎಂದು ಇತ್ತು. ನಿಜ ಹೇಳಬೇಕೆಂದರೆ ನನ್ನ ಯೋಚನೆಯೂ ಅದರಾಚೆಗೆ ಹೋಗಿದ್ದಿಲ್ಲ.

ಇಂಟರ್‌ಮೀಡಿಯೆಟ್ ಎರಡನೆಯ ವರ್ಷದಲ್ಲಿ ಆ ಸಲ ಮೂವತ್ತು ಹುಡುಗಿಯರು. ಕಪ್ಪೆಯ ಡಿಸೆಕ್ಷನ್ ಎಂಟು ಪಾಠಗಳಲ್ಲಿ ನಡೆಯುತ್ತಿತ್ತು. ಕಪ್ಪೆಯನ್ನು ಕ್ಲೋರೋಫಾರ್ಮ್ ಹಾಕಿದ ಗಾಜಿನ ಜಾಡಿಯಲ್ಲಿ ಮುಚ್ಚಿಡುವುದು. ಅಲುಗಾಟ ನಿಂತ ಮೇಲೆ ತಳಕ್ಕೆ ಮೇಣ ಹಾಕಿದ ತಟ್ಟೆಯಲ್ಲಿ ಅಂಗಾತ ಮಲಗಿಸಿ ಕೈಕಾಲುಗಳಿಗೆ ಗುಂಡುಸೂಜಿ ಚುಚ್ಚುವುದು. ಮುಳುಗುವಷ್ಟು ನೀರು ಹೊಯ್ದು ಹೊಟ್ಟೆ ಬಿಡಿಸುವುದು. ನೀರಿನಲ್ಲಿ ನರನಾಳಗಳು ತೇಲಿ ಸ್ಪಷ್ಟವಾಗಿ ಕಾಣುತ್ತವೆ. ಒಬ್ಬೊಬ್ಬಳಿಗೆ ಪಾಠಕ್ಕೊಂದರಂತೆ ವರ್ಷಕ್ಕೆ ಇನ್ನೂರ ನಲವತ್ತು ಕಪ್ಪೆ. ಅವನ್ನು ಒದಗಿಸುತ್ತಿದ್ದವನು ಅಟೆಂಡರ್ ಸಿದ್ದಯ್ಯ. ಊರಾಚೆಯ ಹಳ್ಳಿಯ ಒಕ್ಕಲು ಮನೆಯವನು. ಯಾವ ಗದ್ದೆಯಲ್ಲಿ ಯಾವಾಗ ಕಪ್ಪೆ ಸಿಗುತ್ತದೆಂದು ಅವನಿಗೆ ಗೊತ್ತು. ಬೇಸಿಗೆಯಲ್ಲಿ ಕೆರೆ ಒಣಗುವುದರಿಂದ ಮುಂಚೆಯೇ ಹಿಡಿದು ತಂದು, ಪ್ರಯೋಗಶಾಲೆಯ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಒದ್ದೆ ಗೋಣಿ ಮುಚ್ಚಿ ಸಾಕುತ್ತಿದ್ದ.

ಜುಲೈನಲ್ಲಿ ಮೊದಲ ಡಿಸೆಕ್ಷನ್ ಪಾಠ. ಇಪ್ಪತ್ತೊಂಬತ್ತು ಹುಡುಗಿಯರು ಮೂಗಿಗೆ ಸೆರಗು ಹಿಡಿದುಕೊಂಡು ಕೆಲಸಕ್ಕೆ ತೊಡಗಿದರು. ಒಬ್ಬಳು ಮಾತ್ರ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತೇ ಇದ್ದಳು. ಚಂದ್ರಮತಿ. ಸರಸ್ವತಿಪುರಂನ ಜೈನರ ಮನೆಯ ಹುಡುಗಿ; ತಂದೆ ಧರಣೇಂದ್ರಯ್ಯನವರು ಹೈಸ್ಕೂಲು ಮೇಷ್ಟ್ರು. ಓದಿನಲ್ಲಿ ಮೊದಲ ಮೂವರಲ್ಲಿ ಒಬ್ಬಳು. ಮನೆಯಿಂದ ಬಟ್ಟೆಯಲ್ಲಿ ಶೋಧಿಸಿದ ನೀರನ್ನು ಹಿತ್ತಾಳೆ ಚೊಂಬಿನಲ್ಲಿ ತರುತ್ತಿದ್ದುದರಿಂದ ಅವಳಿಗೆ ಕ್ಲಾಸಿನಲ್ಲಿ ‘ಚೊಂಬು’ ಎಂದೇ ಹೆಸರಾಗಿತ್ತು.

ಭಯವೇನೋ ಎಂದುಕೊಂಡು ಧೈರ್ಯ ಹೇಳಿದೆ. ಭಯವಿಲ್ಲ ಎಂದಳು. ಹಾಗಾದರೆ ಸಿದ್ದಯ್ಯ ಸಾಯಿಸಿಕೊಡಲಿ, ನೀನು ಬರೀ ಕೊಯ್ಯಿ ಎಂದೆ.

“ಮಾಡೋದು, ಮಾಡಿಸೋದು, ಮಾಡಿದ್ದಕ್ಕೆ ಒಪ್ಪೋದು, ಮೂರೂ ಒಂದೇ ಮೇಡಂ ನಮ್ಮಲ್ಲಿ,” ಎಂದಳು. ಸ್ವರ ಏರಿಸಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

ಪಕ್ಕದ ಬೆಂಚಿನ ವಿಮಲಾ ಬಾಯಿ ಹಾಕಿದಳು. “ಏನೇ ಚೊಂಬು, ಸೊಳ್ಳೆ ಕಚ್ಚಿದ್ರೆ ಏನ್ಮಾಡ್ತೀಯ?”

“ಕೈ ಬೀಸ್ತೀನಿ ಕಣೆ. ಹೋಗತ್ತೆ.”

“ನಿಮ್ಮೋರ ಹುಡುಗರೇ ಹೋಟ್ಲಲ್ಲಿ ಕೂತು ಈರುಳ್ಳಿ ದೋಸೆ ಬಾರಿಸ್ತಾರೆ, ನಾನೇ ನೋಡಿದೀನಿ.”

“ಹಾಗಾದ್ರೆ ಅವರನ್ನ ಕೇಳು. ನಾನು ತಿಂದಿಲ್ವಲ್ಲ.”

ಕ್ಲಾಸೆಲ್ಲ ನಕ್ಕಿತು. ಅವಳೂ ನಕ್ಕಳು. ಜಂಬದ ಹುಡುಗಿಯಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು, ಗದರಿಸಿ ಸುಮ್ಮನಾಗಬಹುದಿತ್ತು.

ಡಾಕ್ಟರಾಗಬೇಕೆಂದೇ ಅವಳು ಈ ವಿಷಯ ತೆಗೆದುಕೊಂಡಿದ್ದಳು. ಅವಳ ಸೋದರತ್ತೆಗೆ ಎದೆಯಲ್ಲಿ ಗಂಟಾಗಿತ್ತಂತೆ. ಗಂಡಸು ಡಾಕ್ಟರಿಗೆ ತೋರಿಸಲು ನಾಚಿ ಎರಡು ವರ್ಷ ಮುಚ್ಚಿಟ್ಟು, ಕಡೆಗೆ ತೋರಿಸಿದಾಗ ಹೊತ್ತು ಮೀರಿತ್ತು. ಅಂಥವರಿಗಾಗಿ ಮನೆಯಲ್ಲೊಬ್ಬಳು ಡಾಕ್ಟರು ಬೇಕು ಎಂದು ಹದಿಮೂರನೆಯ ವಯಸ್ಸಿನಲ್ಲೇ ನಿಶ್ಚಯಿಸಿದ್ದಳು. ಡಾಕ್ಟರಾಗುವವರು ಹೆಣ ಕೊಯ್ಯಬೇಕಲ್ಲ ಎಂದು ಕೇಳಿದ್ದಕ್ಕೆ, ಅವರು ನನಗೋಸ್ಕರ ಸತ್ತವರಲ್ಲವಲ್ಲ ಎಂದಳು. ಆದರೆ ಮೆಡಿಕಲ್ ಸೀಟಿಗೆ ಫಸ್ಟ್ ಕ್ಲಾಸ್ ಬೇಕು. ಪ್ರಾಕ್ಟಿಕಲ್ ಪರೀಕ್ಷೆಯ ಐವತ್ತು ಅಂಕಗಳಲ್ಲಿ ಇಪ್ಪತ್ತು ಡಿಸೆಕ್ಷನ್ನಿಗೆ. ಅದು ಹೋದರೆ ಸೀಟೂ ಹೋದ ಹಾಗೆಯೇ.

ಧರಣೇಂದ್ರಯ್ಯನವರನ್ನು ಬರಹೇಳಿದೆವು. ಸೌಮ್ಯ ಸ್ವಭಾವದವರು. ಕಾಲಕ್ಕೆ ತಕ್ಕ ಹಾಗೆ ಇರಬೇಕಲ್ಲವೆ ಎಂದು ಮಗಳಿಗೆ ನಮ್ಮೆದುರೇ ಬುದ್ಧಿ ಹೇಳಿದರು. ತಾವೂ ಸಂಜೆ ಟ್ಯೂಷನ್ನಿನಿಂದಾಗಿ ಹೊತ್ತು ಮುಳುಗುವ ಮುಂಚೆ ಊಟ ಮಾಡುವ ನಿಯಮ ಬಿಟ್ಟದ್ದನ್ನು ಮರೆಮಾಚಲಿಲ್ಲ. ಒಂದು ಸಲ ಮಾಡಿಬಿಡು, ಬಸದಿಯಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡರಾಯಿತು ಎಂದರು. ತಂದೆಯನ್ನು ಅಣ್ಣ ಎಂದೇ ಕರೆಯುತ್ತಿದ್ದ ಮಗಳು ತಲೆ ತಗ್ಗಿಸಿ, “ಮುಂಚೇನೇ ಗೊತ್ತಿದ್ದು ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಎಲ್ಲಿದೆ ಅಣ್ಣ?” ಎಂದಳು. ನಮ್ಮ ವಿಭಾಗದ ಮುಖ್ಯಸ್ಥರು, ಇದು ಕಾಲೇಜು, ಮಠವಲ್ಲ ಎಂದು ಎದ್ದು ಹೋದರು.

ಮುಂದಿನ ಆರು ತಿಂಗಳು ಚಂದ್ರಮತಿ ಕಪ್ಪೆಯನ್ನು ಕಲಿತ ಬಗೆಯನ್ನು ನಾನು ಮರೆಯಲಾರೆ. ಬೀರುವಿನಲ್ಲಿ ಹಳೆಯ ಕಾಲದಿಂದ ಇದ್ದ, ಬಿಡಿಸಿ ಫಾರ್ಮಲಿನ್‌ನಲ್ಲಿ ಹಾಕಿಟ್ಟಿದ್ದ ಒಂದು ಕಪ್ಪೆಯ ಜಾಡಿಯಿತ್ತು. ಅದು ತಾನು ಹುಟ್ಟುವ ಮುಂಚಿನದು ಎಂದು ಅದನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಮನೆಯಿಂದ ಕೆಂಪು, ನೀಲಿ ಉಲ್ಲನ್ ದಾರ ತಂದು ಹಲಗೆಯ ಮೇಲೆ ರಕ್ತನಾಳಗಳನ್ನು ಕವಲು ಕವಲಾಗಿ ಜೋಡಿಸುತ್ತಿದ್ದಳು. ಡಿಸೆಂಬರಿನ ಹೊತ್ತಿಗೆ ಉಳಿದ ಹುಡುಗಿಯರು ಅನುಮಾನ ಬಂದರೆ ನನ್ನನ್ನು ಬಿಟ್ಟು ಅವಳ ಹಲಗೆಯ ಹತ್ತಿರ ಹೋಗತೊಡಗಿದರು. ವಿಮಲಾ ಅಂತೂ ದಿನಾ.

ಒಂದು ದಿನ ಅವಳೇ ಒಂದು ದಾರಿ ಹೇಳಿದಳು: ತಾನಾಗಿ ಸತ್ತ ಕಪ್ಪೆ ಸಿಕ್ಕರೆ ಕೊಯ್ಯುತ್ತೇನೆ. ನಾನೂ ಸಿದ್ದಯ್ಯನೂ ಹುಡುಕಿದ್ದೇ ಹುಡುಕಿದ್ದು. ತೊಟ್ಟಿಯಲ್ಲಿ ಸತ್ತದ್ದು ಬೆಳಗಾಗುವುದರೊಳಗೆ ಊದಿ ಕೊಳೆತಿರುತ್ತಿತ್ತು. ರಸ್ತೆಯಲ್ಲಿ ಸಿಕ್ಕಿದ್ದೊಂದನ್ನು ಸಿದ್ದಯ್ಯ ಮುತ್ತುಗದ ಎಲೆಯಲ್ಲಿ ಸುತ್ತಿ ತಂದ. ಜಟಕಾ ಚಕ್ರ ಹರಿದು ಹಪ್ಪಳವಾಗಿತ್ತು. “ಏನ್ಮಾಡನ ಅಮ್ಮಾವ್ರೆ,” ಎಂದ, “ಬದುಕ್ಲಿ ಅಂದಾಗ ಸಾಯ್ತವೆ, ಸಾಯ್ಲಿ ಅಂದ್ರೆ ಒಂದೂ ಸಾಯಾಕಿಲ್ಲ.”

ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಬಂತು. ಅಲ್ಲಿ ನಾನು ತಪ್ಪು ಮಾಡಿದೆ.

ಒಂದು ಸಲ ಕತ್ತರಿ ಹಿಡಿದರೆ ಸರಿಹೋಗುತ್ತಾಳೆ, ನಿಜವಾದ ಪರೀಕ್ಷೆಯಲ್ಲಿ ತಾನಾಗಿಯೇ ಮಾಡುತ್ತಾಳೆ ಎಂದು ನನ್ನ ಲೆಕ್ಕಾಚಾರ. ಸಿದ್ದಯ್ಯನಿಗೆ ಹೇಳಿ ಒಂದು ಕಪ್ಪೆಗೆ ಕ್ಲೋರೋಫಾರ್ಮ್ ಕೊಡಿಸಿದೆ. ವಾಸನೆ ಹೋಗಲೆಂದು ಮೂರು ನೀರಿನಲ್ಲಿ ತೊಳೆಸಿದೆ. “ಬುಡಿ ಅಮ್ಮಾವ್ರೆ, ಆ ಮಗಿಗೆ ಸುಳ್ಳು ಯಾಕೆ?” ಎಂದು ಅವನು ಗೊಣಗಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ತಟ್ಟೆಯನ್ನು ಅವಳ ಮುಂದಿಟ್ಟು, ಬೆಳಿಗ್ಗೆ ತೊಟ್ಟಿಯಲ್ಲಿ ಸತ್ತುಬಿದ್ದಿತ್ತು, ನಿನ್ನ ಅದೃಷ್ಟ ಎಂದೆ.

ಅವಳು ನನ್ನ ಮುಖ ನೋಡಿದಳು, ನಂಬಿದಳು. ಕಪ್ಪೆಗೆ ಕೈಮುಗಿದು ಕತ್ತರಿ ತೆಗೆದುಕೊಂಡಳು. ಅಂಥ ಕೈಯನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡಿಲ್ಲ. ಚರ್ಮ ಬಿಡಿಸಿದ್ದು, ಮಾಂಸದ ಪದರ ಸರಿಸಿದ್ದು, ಎದೆಯ ಮೂಳೆಯನ್ನು ಕತ್ತರಿಸಿ ಎತ್ತಿದ್ದು, ಒಂದು ತೊಟ್ಟೂ ರಕ್ತ ಚೆಲ್ಲಲಿಲ್ಲ. ನಾನು ಹಿಗ್ಗಿ ಪಕ್ಕದಲ್ಲೇ ನಿಂತಿದ್ದೆ.

ಕತ್ತರಿ ನಿಂತಿತು.

“ಮೇಡಂ, ಬಡೀತಾ ಇದೆ.”

ಕ್ಲೋರೋಫಾರ್ಮಿನಿಂದ ಸತ್ತ ಕಪ್ಪೆಯ ಹೃದಯ ಆಮೇಲೂ ಬಹಳ ಹೊತ್ತು ಬಡಿಯುತ್ತದೆ. ಮೂರು ವರ್ಷದಲ್ಲಿ ಏಳು ನೂರು ಸಲ ನೋಡಿದ್ದೆ. ನೋಡಿ ನೋಡಿ, ಅದು ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ವಾಸನೆಯನ್ನು ತೊಳೆಸಿದವಳಿಗೆ ಹೃದಯ ನೆನಪಿಗೆ ಬರಲಿಲ್ಲ. ಬೆಳಿಗ್ಗೆಯೇ ಸತ್ತ ಕಪ್ಪೆಯ ಹೃದಯ ಮಧ್ಯಾಹ್ನ ಬಡಿಯುವುದಿಲ್ಲವೆಂದು ಪುಸ್ತಕ ಓದಿದ ಆ ಹುಡುಗಿಗೆ ಹೇಳಿಕೊಡಬೇಕಾಗಿರಲಿಲ್ಲ.

ಅವಳು ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು. ನೀರು ಬದಲಾಯಿಸಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಆ ಹೃದಯ ನಿಧಾನವಾಗಿ ನಿಲ್ಲುವ ತನಕ ಇಪ್ಪತ್ತೈದು ನಿಮಿಷ ಅದರ ಮುಂದೆ ನಿಂತಿದ್ದಳು. ಕೈ ತೊಳೆದುಕೊಂಡು ಬಂದ ಮೇಲೆ ನಾನೇ, ತಪ್ಪು ನನ್ನದು, ನಿನಗೆ ಪಾಪವಿಲ್ಲ ಎಂದೆ.

“ನೀವು ನನ್ನ ಒಳ್ಳೇದಕ್ಕೇ ಮಾಡಿದ್ರಿ ಮೇಡಂ. ನನಗೋಸ್ಕರ ಮಾಡಿದ್ರಿ ಅಂದ್ಮೇಲೆ ಅದು ನನಗೇ ಸೇರಬೇಕಲ್ವಾ?”

ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು. ಮರುದಿನ ಅವಳು ಉಪವಾಸವಿದ್ದುಕೊಂಡೇ ಕಾಲೇಜಿಗೆ ಬಂದಳು, ನನಗೆ ಎಂದಿನಂತೆ ನಮಸ್ಕಾರ ಹೇಳಿದಳು. ಆ ಸಂಜೆ ನಾನು ಬಚ್ಚಲಲ್ಲಿ ತಲೆಗೆ ಎಷ್ಟು ನೀರು ಹೊಯ್ದುಕೊಂಡರೂ ಸಾಕೆನ್ನಿಸಲಿಲ್ಲ. ಅಮ್ಮ ಒಳಗಿನಿಂದ, ಹಂಡೆ ಖಾಲಿಯಾಗುತ್ತೆ ಬಾರೇ ಎಂದು ಕೂಗಿದರು.

ಮಾರ್ಚ್ ಕೊನೆಯಲ್ಲಿ ಪರೀಕ್ಷೆ. ಹೊರಗಿನ ಪರೀಕ್ಷಕರು ಬೆಂಗಳೂರಿನಿಂದ ಬಂದಿದ್ದ ವಯಸ್ಸಾದ ಪ್ರೊಫೆಸರು, ಕಟ್ಟುನಿಟ್ಟಿಗೆ ಹೆಸರಾದವರು. ಮುಟ್ಟದ ತಟ್ಟೆಯ ಮುಂದೆ ನಿಂತಿದ್ದ ಚಂದ್ರಮತಿಯನ್ನು ಕಂಡು ಸಿಡುಕಿದರು. ಡಾಕ್ಟರಾಗುವವಳು ಕತ್ತರಿಗೆ ಹೆದರಿದರೆ ಹೇಗೆ ಎಂದರು.

“ಹೆದರಿಕೆ ಇಲ್ಲ ಸರ್. ಸತ್ತಿದ್ದನ್ನ ಕೊಡಿ, ಕೊಯ್ತೀನಿ. ನನಗೋಸ್ಕರ ಸಾಯಿಸ್ಬೇಡಿ.”

ಅವರು ನನ್ನ ಕಡೆ ತಿರುಗಿದರು. ಈ ಹುಡುಗಿಗೆ ಕೈಕೆಲಸ ಬರುತ್ತದೆಯೋ, ಬಾರದ್ದಕ್ಕೆ ಧರ್ಮದ ನೆವ ಹೇಳುತ್ತಿದ್ದಾಳೋ ಎಂದು ಕೇಳಿದರು. ಬರುತ್ತದೆ ಎಂದೆ. ನಿಮಗೆ ಹೇಗೆ ಗೊತ್ತು ಎಂದರು. ಗೊತ್ತಾದ ಬಗೆಯನ್ನು ಹೇಳದೆ ಬೇರೆ ದಾರಿಯಿರಲಿಲ್ಲ. ಮುಖ್ಯಸ್ಥರು ಅಲ್ಲೇ ಇದ್ದರು. ಮುಂದಿನ ವರ್ಷದ ನನ್ನ ಆರ್ಡರಿಗೆ ಸಹಿ ಹಾಕಬೇಕಾದವರು ಅವರೇ. ಆದರೂ ಸುಳ್ಳು ಹೇಳಿ ಅವಳ ಕೈಯಲ್ಲಿ ಕೊಯ್ಯಿಸಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮುಖ್ಯಸ್ಥರ ಮುಖ ಕೆಂಪಾಯಿತು.

ಪ್ರೊಫೆಸರು ಅವಳನ್ನು ಕಪ್ಪು ಹಲಗೆಯ ಬಳಿಗೆ ಕರೆದು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಉಳಿದವರಿಗೆ ಐದೈದು ನಿಮಿಷ ಕೂಡ ಕೊಟ್ಟಿರಲಿಲ್ಲ. ಅವಳು ಬಣ್ಣದ ಸೀಮೆಸುಣ್ಣದಲ್ಲಿ ಒಂದೊಂದು ನಾಳವನ್ನೂ ಎಲ್ಲಿ ಕವಲೊಡೆಯುತ್ತದೆ, ಯಾವ ಅಂಗಕ್ಕೆ ಹೋಗುತ್ತದೆ ಎಂದು ಬರೆಯುತ್ತ ಹೋದಳು. ಒಂದು ಕಡೆ ಅವರೇ ಎಡವಿದರು. ಅವಳು ಮೆಲ್ಲಗೆ ತಿದ್ದಿದಳು. ಕೊನೆಗೆ ಪೆನ್ನು ತೆಗೆದು ಹೇಳಿದರು:

“ಉಳಿದದ್ದಕ್ಕೆಲ್ಲ ಪೂರ್ತಿ ಕೊಡ್ತೀನಮ್ಮ. ಡಿಸೆಕ್ಷನ್‌ಗೆ ಸೊನ್ನೆ. ನಿಯಮ ನಾನು ಮೀರೋ ಹಾಗಿಲ್ಲ, ನೀನೂ ನಿನ್ನದನ್ನ ಮೀರಲಿಲ್ಲ.”

“ಸರಿ ಸರ್,” ಎಂದಳು. ಸಿದ್ದಯ್ಯ ಆ ತಟ್ಟೆಯ ಪಕ್ಕದಲ್ಲಿ ಅವಳಿಗೆಂದು ಜಾಡಿಯಲ್ಲಿಟ್ಟಿದ್ದ ಜೀವಂತ ಕಪ್ಪೆಯನ್ನು ಎತ್ತಿಕೊಂಡು ಹೋಗಿ ಮತ್ತೆ ತೊಟ್ಟಿಗೆ ಬಿಟ್ಟ.

ಫಲಿತಾಂಶ ಬಂದಾಗ ಅವಳಿಗೆ ಸೆಕೆಂಡ್ ಕ್ಲಾಸ್. ಫಸ್ಟ್ ಕ್ಲಾಸಿಗೆ ಹನ್ನೊಂದು ಅಂಕ ಕಡಿಮೆ. ಸೀಟು ಸಿಗಲಿಲ್ಲ. ವಿಮಲಾಗೆ ಸಿಕ್ಕಿತು. ಸಿಹಿ ಹಂಚಲು ಬಂದ ವಿಮಲಾ ನನ್ನ ಮುಂದೆ ಅತ್ತಳು. ತಾನು ಪಾಸಾದದ್ದು ಚೊಂಬುವಿನ ಉಲ್ಲನ್ ದಾರದಿಂದ ಎಂದಳು. ಧರಣೇಂದ್ರಯ್ಯನವರು ಮಾರ್ಕ್ಸ್ ಕಾರ್ಡಿಗೆ ಬಂದಿದ್ದಾಗ ನಾನು ಕ್ಷಮೆ ಕೇಳಿದೆ. ಅವರು ಕಾರ್ಡನ್ನು ಮಡಿಸಿ ಕೋಟಿನ ಜೇಬಿನಲ್ಲಿಟ್ಟುಕೊಳ್ಳುತ್ತ, “ಅವಳಿಗೆ ಹೇಳಿಕೊಟ್ಟೋನು ನಾನೇ ಕಣಮ್ಮ. ಅವಳು ಹಿಡ್ಕೊಂಡ್ಳು. ಬಿಟ್ಟೋನು ನಾನು,” ಎಂದರು. ಅಂದಿನಿಂದ ಸಂಜೆಯ ಟ್ಯೂಷನ್ನನ್ನು ಬೆಳಗಿಗೆ ಬದಲಾಯಿಸಿಕೊಂಡರೆಂದು ಆಮೇಲೆ ತಿಳಿಯಿತು.

ಚಂದ್ರಮತಿ ದೊಡ್ಡಾಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿಗೆ ಸೇರಿದಳು. ಆಗ ಅಂಥ ಮನೆಯವರು ಹೆಣ್ಣುಮಕ್ಕಳನ್ನು ನರ್ಸಿಂಗಿಗೆ ಕಳಿಸುತ್ತಿರಲಿಲ್ಲ. ನೆಂಟರು ಮೂಗು ಮುರಿದರು. ಈಗ ಹೆಂಗಸರ ವಾರ್ಡಿನಲ್ಲಿ ಸಿಸ್ಟರ್. ಡಾಕ್ಟರಿಗೆ ಹೇಳಿಕೊಳ್ಳಲಾರದ್ದನ್ನು ಹೆಂಗಸರು ಅವಳ ಹತ್ತಿರ ಹೇಳುತ್ತಾರೆಂದು ಕೇಳಿದ್ದೇನೆ. ಹಾಗೆಂದು ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ಆ ಕೈ ಆಪರೇಷನ್ ಥಿಯೇಟರಿನಲ್ಲಿ ಇರಬೇಕಾದ ಕೈ. ಅವಳು ಕಳೆದುಕೊಂಡದ್ದು ಸಣ್ಣದಲ್ಲ. ಗೊತ್ತಿದ್ದೇ ಕಳೆದುಕೊಂಡಳು.

ನನ್ನ ಆರ್ಡರು ಆ ವರ್ಷ ಆಗಸ್ಟಿನವರೆಗೆ ಬರಲಿಲ್ಲ, ಕಡೆಗೆ ಬಂತು. ಹೋದ ಕೂಡಲೇ ಮಾಡಿದ ಮೊದಲ ಕೆಲಸ ಕಪ್ಪೆಗಳ ಬೇಡಿಕೆ ಪಟ್ಟಿ ಬರೆದದ್ದು. ಒಬ್ಬಳಿಗೊಂದು ಎಂದಿದ್ದುದನ್ನು ನಾಲ್ವರಿಗೊಂದು ಮಾಡಿದೆ. ಇನ್ನೂರ ನಲವತ್ತು ಅರವತ್ತಕ್ಕೆ ಇಳಿಯಿತು. ಮುಖ್ಯಸ್ಥರು ಹುಬ್ಬು ಹಾರಿಸಿದರು. ಫಲಿತಾಂಶ ಕೆಟ್ಟರೆ ಹೊಣೆ ನಿಮ್ಮದು ಎಂದರು. ಕೆಡಲಿಲ್ಲ. ಅಷ್ಟು ವರ್ಷ ಆ ಹೆಚ್ಚಿನ ನೂರ ಎಂಬತ್ತು ಕಪ್ಪೆಗಳು ವಿಜ್ಞಾನಕ್ಕಾಗಿ ಸತ್ತಿರಲಿಲ್ಲ. ಹಿಂದಿನವರು ಪಟ್ಟಿಯಲ್ಲಿ ಹಾಗೆ ಬರೆದಿದ್ದರು, ನಾವೂ ಹಾಗೇ ಬರೆದೆವು, ಅಷ್ಟೇ.

ಈಗ ಸೇವೆಗೆ ಹದಿನೇಳು ವರ್ಷ. ಪ್ರತಿ ಜುಲೈನಲ್ಲೂ ಮೊದಲ ಪಾಠಕ್ಕೆ ಮುಂಚೆ, ಜಾಡಿಯ ಮುಚ್ಚಳ ತೆಗೆಯದೆ, ಹುಡುಗಿಯರಿಗೆ ಎರಡು ಮಾತು ಹೇಳುತ್ತೇನೆ: ಮನಸ್ಸು ಒಪ್ಪದವರು ಕೈ ಎತ್ತಿ, ಯಾರೂ ನಗುವುದಿಲ್ಲ, ಆದರೆ ಇಪ್ಪತ್ತು ಅಂಕ ಹೋಗುತ್ತದೆ, ಅದನ್ನು ನಾನು ತಂದುಕೊಡಲಾರೆ. ಇಷ್ಟು ವರ್ಷಗಳಲ್ಲಿ ಇಬ್ಬರು ಕೈ ಎತ್ತಿದ್ದಾರೆ. ಎರಡನೆಯವಳಿಗೆ ಸಹಾಯ ಮಾಡಲೆಂದು ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬಳು, ಸತ್ತದ್ದೊಂದನ್ನು ಎಲ್ಲಿಂದಾದರೂ ಹೊಂದಿಸಿಕೊಟ್ಟರಾಗದೆ ಎಂದು ನನ್ನ ಕಿವಿಯಲ್ಲಿ ಕೇಳಿದಳು. ಬೇಡ ಎಂದೆ. ಆ ಹುಡುಗಿ ಬೆಲೆ ಕೇಳಿಕೊಂಡೇ ಕೈ ಎತ್ತಿದ್ದಾಳೆ, ನಾವು ಮಧ್ಯೆ ಹೋಗಬಾರದು ಎಂದೆ.