ಕಲ್ಲಯ್ಯನ ಕಫ ಪರೀಕ್ಷೆ

ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸಿ ಕಲಸಿಯೇ ವಯಸ್ಸಾದ ಕಲ್ಲಯ್ಯನಿಗೆ ಕೆಮ್ಮು ಬಿಟ್ಟಿರಲಿಲ್ಲ. ಮಗಳು ಐಶ್ವರ್ಯಾ ಅವನ ಕಫವನ್ನು ಬೆಳಗಾವಿಯ ಒಂದು ಲ್ಯಾಬಿಗೆ ಕೊಟ್ಟು ಬಂದಳು. ‘ಮಾದರಿ ಸಾಲದು’ ಎಂದು ವರದಿ ಬಂತು. ಕಲ್ಲಯ್ಯನ ತಲೆಗೆ ಗುಮಾನಿಯ ಹುಳು ಹೊಕ್ಕಿತು. ರೋಗ ಸಿಕ್ಕಿದೆ, ಮಗಳು ಡಾಕ್ಟರ ಜೊತೆ ಸೇರಿ ಮುಚ್ಚಿಡುತ್ತಿದ್ದಾಳೆ! ಅವಳಿಗೆ ಹೇಳದೆ ಬಸ್ಸು ಹತ್ತಿ ಬೆಳಗಾವಿಯ ಹಿಂದವಾಡಿಯಲ್ಲಿದ್ದ ಅದೇ ಲ್ಯಾಬಿಗೆ ಹೋದ.

“ಖರೇ ಹೇಳ್ರಿ, ನನ್ನ ಮಗಳು ನಿಮಗ ಏನ್ ಹೇಳ್ಯಾಳ?”

“ಯಾರೂ ಏನೂ ಹೇಳಿಲ್ರಿ ಅಜ್ಜಾರ,” ಎಂದರು ಲ್ಯಾಬಿನ ಡಾಕ್ಟರ್ ಕೇತಕಿ. “ನೀವು ಕೊಟ್ಟಿದ್ದು ಬರೇ ಉಗುಳು. ಶ್ವಾಸಕೋಶದ ಒಂದ್ ಕಣಾನೂ ಸಿಗದ ‘ರೋಗ ಇಲ್ಲ’ ಅಂತ ಬರ್ಯಾಕ ನಿಯಮ ಬಿಡೂದಿಲ್ಲ. ಮುಂಜಾನೆ ಎದಿಯಾಳದಿಂದ ಕೆಮ್ಮಿ ಕೊಡ್ರಿ.”

ಅವನು ನಂಬಲಿಲ್ಲ. ಆದರೂ ಮರುದಿನ ಕಫ ತಂದುಕೊಟ್ಟು, ಡಬ್ಬಿಯ ಮೇಲೆ ತನ್ನ ಹೆಸರು ಬರೆಯುವುದನ್ನು ನಿಂತು ನೋಡಿದ. ವರದಿ ತರಲೂ ತಾನೇ ಹೋದ.

ಈ ಸಲ ‘ಕ್ಯಾನ್ಸರ್ ಸಂಶಯವಿದೆ, ಬಯಾಪ್ಸಿ ಮಾಡಿಸಬೇಕು’ ಎಂದಿತ್ತು. ಕಾಗದವನ್ನು ಮಡಚಿ ಒಳಜೇಬಿಗೆ ಸೇರಿಸಿದ. ಮಗಳಿಗೆ ತೋರಿಸುವುದೋ ಬೇಡವೋ, ಊರಿಗೆ ಹೊರಟ ಬಸ್ಸು ಮಚ್ಛೆ ಗ್ರಾಮ ದಾಟಿದರೂ ತೀರ್ಮಾನವಾಗಲಿಲ್ಲ. ಮನೆಯ ಬಾಗಿಲಲ್ಲಿ ಕಾದು ನಿಂತಿದ್ದ ಅವಳ ಮುಖ ನೋಡಿದವನೇ ಕಾಗದವನ್ನು ಅವಳ ಕೈಗಿಟ್ಟ.

“ನನಗ ಹೇಳದ ಹೋಗಿದ್ರೇನ್ ಅಪ್ಪಾ?”

“ನಿನ್ನ ಮ್ಯಾಲೇ ಸಂಶಯ ಬಂದಿತ್ತವ್ವಾ,” ಎಂದ. “ನಾಳಿ ನೀನ ಕರಕೊಂಡ್ ಹೋಗು.”