ದೇವಮ್ಮನ ತೊಟ್ಟಿಲಲ್ಲಿ ಸೌತೆಕಾಯಿ

ಕೋಡಿಂಬಾಳದ ರಬ್ಬರ್ ತೋಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗಿಗೆ ಹೊರಟ ತಾಯಂದಿರು ನಿದ್ದೆಗಣ್ಣಿನ ಕೂಸುಗಳನ್ನು ಶಿಶುವಿಹಾರದ ಆಯಾ ದೇವಮ್ಮನ ಮಡಿಲಿಗೆ ಹಾಕಿ ಹೋಗುತ್ತಾರೆ. ಏಳು ಸೀರೆ ತೊಟ್ಟಿಲು, ಏಳು ಮಕ್ಕಳು, ಎರಡೇ ಕೈ. ಹಗ್ಗಗಳನ್ನೆಲ್ಲ ಎರಡು ಬಿದಿರ ಕೋಲಿಗೆ ಕಟ್ಟಿ, ಬಲಗೈಯಲ್ಲಿ ನಾಲ್ಕು, ಎಡಗೈಯಲ್ಲಿ ಮೂರು ತೂಗುವುದು ಅವರದೇ ಉಪಾಯ. ಹತ್ತು ನಿಮಿಷದಲ್ಲಿ ಇಡೀ ಕೋಣೆ ಗಪ್‌ಚಿಪ್!

ಮಂಡೆಕೋಲಿನಲ್ಲಿ ಹುಟ್ಟಿದ ದೇವಮ್ಮನಿಗೆ ಈಗ ಐವತ್ತೆರಡು. ಗಂಡ ತೀರಿಕೊಂಡ ಮೇಲೆ, ೧೯೭೩ರಲ್ಲಿ, ಇಲ್ಲಿಗೆ ಸೇರಿದರು. ಸ್ವಂತ ಮಕ್ಕಳಿಲ್ಲ, ಹನ್ನೊಂದು ವರ್ಷದಲ್ಲಿ ತೂಗಿದ ಮಕ್ಕಳು ನೂರಕ್ಕೂ ಮೇಲೆ. ತೂಗುವಾಗ ಅವರಿಗೆ ದಣಿವಿಲ್ಲ. ತೊಂದರೆಯೆಲ್ಲ ಸುಮ್ಮನೆ ಕೂತಾಗ.

"ಎಲುಬಿನ ಒಳಗೆ ಇರುವೆ ಹರಿದ ಹಾಗೆ ಆಗುದು ಮಾರಾಯ್ರೆ," ಎಂದು ತೋಳು ತೋರಿಸುತ್ತಾರೆ. "ನೋವಲ್ಲ, ತುರಿಕೆಯೂ ಅಲ್ಲ. ಕೈ ಆಡಿಸಿದ್ರೆ ಇಲ್ಲ, ನಿಲ್ಲಿಸಿದ್ರೆ ಪುನಃ ಉಂಟು."

ಕಳೆದ ದೀಪಾವಳಿಯ ಹೊತ್ತಿಗೆ ಇದೇ ಚಡಪಡಿಕೆ ಅವರ ಅನ್ನಕ್ಕೆ ಕಲ್ಲು ಹಾಕಿತ್ತು. ಮಧ್ಯಾಹ್ನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ತಡೆಯಲಾರದೆ ಕೋಲು ಎಳೆಯುತ್ತಿದ್ದರು. ಮರೆತ ಹಾಲಿನ ಬಾಟಲಿಗೆಂದು ಮರಳಿ ಬಂದ, ಕೂಸೊಂದರ ತಾಯಿ ಶೀಲಾವತಿಯವರ ಕಣ್ಣಿಗೆ ಬಿದ್ದದ್ದು ಓಲಾಡುವ ಏಳು ಖಾಲಿ ತೊಟ್ಟಿಲು! ಖಾಲಿ ತೊಟ್ಟಿಲು ತೂಗಿದರೆ ಮಗುವಿಗೆ ಕೇಡು ಎಂದು ನಂಬಿದ ಊರು ಇದು. ಮರುದಿನ ಒಂದು ಕೂಸೂ ಬರಲಿಲ್ಲ. ಮಕ್ಕಳಿಲ್ಲದ ಮೇಲೆ ಆಯಾ ಯಾಕೆ ಎಂದರು ತೋಟದವರು. ಮೂರು ದಿನ ದೇವಮ್ಮ ಬಾಗಿಲಲ್ಲೇ ಕೂತು ಅತ್ತರು.

ನಾಲ್ಕನೆಯ ಬೆಳಿಗ್ಗೆ ಶೀಲಾವತಿಯೇ ಮಗುವನ್ನೆತ್ತಿಕೊಂಡು ಹಾಜರು. "ಇವ ಮೂರು ದಿನದಿಂದ ಕಣ್ಣೇ ಮುಚ್ಚಲಿಲ್ಲ ಅಕ್ಕ. ಕೇಡು ಯಾವುದೂಂತ ನಂಗೆ ಗೊತ್ತಾಯ್ತು!"

ಅವರೇ ದೇವಮ್ಮನನ್ನು ಪುತ್ತೂರಿನ ಡಾಕ್ಟರ್ ಕೃಷ್ಣಮೋಹನರಲ್ಲಿಗೆ ಕರೆದೊಯ್ದರು. "ಈ ಚಡಪಡಿಕೆ ಹೆಚ್ಚಾಗಿ ಕಾಲಿಗೆ ಬರುದು. ಕೈಗೆ ಬರುದು ಅಪರೂಪ. ಮಾಟ ಅಲ್ಲ ಎಂತದ್ದೂ ಅಲ್ಲ, ನಿಮ್ಮ ರಕ್ತದಲ್ಲಿ ಕಬ್ಬಿಣ ಕಡಿಮೆ ಉಂಟು," ಎಂದು ಡಾಕ್ಟರು ಮಾತ್ರೆ ಬರೆದರು.

ಮಾತ್ರೆ ಹಿಡಿಯುವವರೆಗೆ ಏನು ಗತಿ? ತಾಯಂದಿರೇ ದಾರಿ ಹುಡುಕಿದರು. ಮಕ್ಕಳನ್ನೆತ್ತಿಕೊಂಡು ಹೋಗುವಾಗ ತೊಟ್ಟಿಲಿಗೊಂದರಂತೆ ಹಳದಿ ಸೌತೆಕಾಯಿ ಮಲಗಿಸಿದರು. ತೊಟ್ಟಿಲು ಖಾಲಿ ಅಲ್ಲವಲ್ಲ! "ಭಾರೀ ಪಾಪದ ಮಕ್ಕಳು, ಹಠವೇ ಇಲ್ಲ," ಎಂದು ದೇವಮ್ಮ ಬಾಯ್ತುಂಬ ನಗುತ್ತಾರೆ.

ಮಾತ್ರೆ ಹಿಡಿದಿದೆ; ಆರು ತಿಂಗಳಲ್ಲಿ ಸೌತೆಕಾಯಿಗಳು ಸಾಂಬಾರಿಗೆ ಹೋಗಿವೆ. "ಈಗ ಕೈ ಸುಮ್ಮನೆ ಕೂತ್ಕೊಳ್ತದೆ," ಎನ್ನುವಷ್ಟರಲ್ಲಿ ಮೂಲೆಯ ತೊಟ್ಟಿಲಲ್ಲಿ ಕೂಸೊಂದು ಕುಂಯ್ ಎನ್ನುತ್ತದೆ. ದೇವಮ್ಮನ ಬಲಗೈ ಆಗಲೇ ಕೋಲಿನ ಮೇಲಿದೆ.

"ಇದು ಕಾಯಿಲೆ ಅಲ್ಲ ಆಯ್ತಾ? ಇದಕ್ಕೆ ಮಾತ್ರೆ ಕೊಡ್ಬೇಡಿ ಅಂತ ಡಾಕ್ಟ್ರಿಗೆ ಮೊದಲೇ ಹೇಳಿದ್ದೇನೆ."